ಗದ್ದೆ ಯಾರ ಹೆಸರಲ್ಲಿತ್ತು?

ಗಲ್ಫ್ ದೇಶಗಳ ಆಸ್ಪತ್ರೆ, ಹೋಟೆಲು, ಅಂಗಡಿಗಳಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೆ ಫಿಲಿಪ್ಪೀನ್ಸ್‌ನವರು ಹೊಸಬರಲ್ಲ. ಜೊತೆಯ ಪಾಳಿಯಲ್ಲಿರುವ ನರ್ಸ್ ಆ ದೇಶದವರು, ಬಿಲ್ಲಿನ ಕೌಂಟರಿನಲ್ಲಿ ಕೂತವರು ಆ ದೇಶದವರು. ಚೆನ್ನಾಗಿ ಓದಿದವರು, ಇಂಗ್ಲಿಷ್ ಬಲ್ಲವರು, ಸಂಬಳ ಬಂದ ದಿನವೇ ಊರಿಗೆ ಹಣ ಕಳಿಸುವವರು. ಅದೇ ಕಟ್ಟಡದ ಗೋಡೆಯ ಮೇಲಿನ ಟಿ.ವಿ., ಹೊರಗೆ ನಿಂತ ಕಾರು, ಎಲ್ಲರ ಕಿಸೆಯಲ್ಲಿರುವ ಫೋನುಗಳಲ್ಲಿ ಎಷ್ಟೋ ದಕ್ಷಿಣ ಕೊರಿಯಾದ ಕಂಪನಿಗಳವು. ಒಂದು ದೇಶ ಸರಕನ್ನು ಹೊರಗೆ ಕಳಿಸುತ್ತದೆ, ಇನ್ನೊಂದು ದೇಶ ತನ್ನ ಮಕ್ಕಳನ್ನು ಕಳಿಸುತ್ತದೆ. ಹೊರದೇಶದಲ್ಲಿ ದುಡಿಯುವವರು ಕಳಿಸುವ ಹಣ ಫಿಲಿಪ್ಪೀನ್ಸ್‌ನ ಒಟ್ಟು ಉತ್ಪನ್ನದ ಶೇ 8ರಷ್ಟಾಗುತ್ತದೆ. ಇವತ್ತು ಕೊರಿಯಾದ ತಲಾ ಆದಾಯ ಸುಮಾರು 35 ಸಾವಿರ ಡಾಲರ್. ಫಿಲಿಪ್ಪೀನ್ಸ್‌ನದು 4 ಸಾವಿರದ ಆಸುಪಾಸು.

1960ರಲ್ಲಿ ಲೆಕ್ಕ ತಿರುಗುಮುರುಗಾಗಿತ್ತು. ಆಗ ತಲಾ ಆದಾಯದಲ್ಲಿ ಫಿಲಿಪ್ಪೀನ್ಸ್ ಕೊರಿಯಾಕ್ಕಿಂತ ಸಾಕಷ್ಟು ಮುಂದಿತ್ತು. 1966ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಹುಟ್ಟಿದಾಗ ಅದರ ಕೇಂದ್ರ ಕಚೇರಿ ಸಿಕ್ಕಿದ್ದು ಮನಿಲಾಕ್ಕೆ. ಆ ನಗರದಲ್ಲಿ 1611ರಲ್ಲೇ ಸ್ಥಾಪನೆಯಾದ ವಿಶ್ವವಿದ್ಯಾಲಯವಿದೆ. ಕೊರಿಯಾದ ಪಾಡು ನೋಡಿ: 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆ, ಆಮೇಲೆ ದೇಶ ಇಬ್ಭಾಗ, 1950ರಿಂದ 53ರವರೆಗೆ ಯುದ್ಧ. ಸಿಯೋಲ್ ನಗರ ಆ ಯುದ್ಧದಲ್ಲಿ ನಾಲ್ಕು ಬಾರಿ ಕೈಬದಲಾಯಿತು. ಗಣಿಗಳು, ದೊಡ್ಡ ಕಾರ್ಖಾನೆಗಳು, ಜಲವಿದ್ಯುತ್ ಕೇಂದ್ರಗಳು ಹೆಚ್ಚಾಗಿ ಇದ್ದದ್ದು ಉತ್ತರದಲ್ಲಿ. 1948ರ ಮೇ ತಿಂಗಳಲ್ಲಿ ಉತ್ತರದವರು ವಿದ್ಯುತ್ ತಂತಿ ಕಡಿದಾಗ ದಕ್ಷಿಣ ಕತ್ತಲಾಯಿತು. ಜಪಾನೀಯರು ಹೊರಟುಹೋದ ಹೊತ್ತಿಗೆ ಓದಲು ಬರುತ್ತಿದ್ದ ವಯಸ್ಕರು ಐವರಲ್ಲಿ ಒಬ್ಬರು ಮಾತ್ರ.

ಹೀಗಿದ್ದ ದೇಶ ಹೇಗೆ ಮೇಲೆದ್ದಿತು ಎಂದು ಕೇಳಿದರೆ ತಟ್ಟನೆ ಸಿಗುವ ಉತ್ತರ, ‘ಅವರ ಸಂಸ್ಕೃತಿ ಅಂಥದ್ದು, ಕಷ್ಟಜೀವಿಗಳು’ ಎಂಬುದು. ಇದನ್ನು ನಾನು ಒಪ್ಪಲಾರೆ. ಕನ್‌ಫ್ಯೂಶಿಯಸ್‌ನ ಚಿಂತನೆ ಪೂರ್ವ ಏಷ್ಯಾದ ಏಳಿಗೆಗೆ ಕಾರಣ ಎಂದು ಈಗ ಹೇಳುತ್ತಾರೆ. ನೂರು ವರ್ಷದ ಹಿಂದೆ ಮ್ಯಾಕ್ಸ್ ವೆಬರ್‌ನಂಥ ದೊಡ್ಡ ವಿದ್ವಾಂಸ ಬಂಡವಾಳಶಾಹಿ ಚೀನಾದಲ್ಲಿ ಏಕೆ ಬೇರೂರಲಿಲ್ಲ ಎಂಬುದಕ್ಕೆ ಅದೇ ಚಿಂತನೆಯನ್ನು ಕಾರಣವಾಗಿ ಕೊಟ್ಟಿದ್ದ. ಅದೂ ಅಲ್ಲದೆ ಉತ್ತರ ಕೊರಿಯಾದ್ದೂ ಅದೇ ಭಾಷೆ, ಅದೇ ಸಂಸ್ಕೃತಿ. ಶಿಕ್ಷಣವೊಂದೇ ಕಾರಣ ಎನ್ನೋಣವೆಂದರೆ ಆರಂಭದಲ್ಲಿ ಹೆಚ್ಚು ಓದಿದ್ದವರು ಫಿಲಿಪ್ಪೀನ್ಸ್‌ನವರು. ಅಮೆರಿಕದ ನೆರವು ಎರಡಕ್ಕೂ ಬಂದಿತ್ತು. ಕೊರಿಯಾಕ್ಕೆ ಬಹಳ ಹೆಚ್ಚು ಬಂದಿತ್ತು ಎಂಬುದು ನಿಜ. ವಿಯೆಟ್ನಾಂ ಯುದ್ಧಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳಿಸಿ ಅದು ಡಾಲರ್ ಗಳಿಸಿತ್ತು ಎಂಬುದೂ ನಿಜ. ಆದರೆ ನೆರವಿನ ಹಣ ಕರಗಿಹೋದ ದೇಶಗಳು ಜಗತ್ತಿನಲ್ಲಿ ಎಷ್ಟಿಲ್ಲ? ಹಣ ಬಂದು ಬೀಳುವ ನೆಲ ಯಾರದ್ದಾಗಿತ್ತು ಎಂಬಲ್ಲಿಂದ ನಾವು ಶುರುಮಾಡಬೇಕು. ‘ನೆಲ’ ಎನ್ನುವಾಗ ಗದ್ದೆ, ಹೊಲವನ್ನೇ ಹೇಳುತ್ತಿದ್ದೇನೆ.

1945ರ ಕೊರಿಯಾದಲ್ಲಿ ರೈತ ಕುಟುಂಬಗಳ ಅರ್ಧದಷ್ಟಕ್ಕೆ ಒಂದು ತುಂಡು ಸ್ವಂತ ಜಮೀನಿರಲಿಲ್ಲ. ಧಣಿಯ ಗದ್ದೆ ಮಾಡಿ ಬೆಳೆಯ ಅರ್ಧವನ್ನು, ಕೆಲವೆಡೆ ಅದಕ್ಕೂ ಹೆಚ್ಚನ್ನು ಗೇಣಿಯಾಗಿ ಅಳೆಯಬೇಕಿತ್ತು. ನಮ್ಮಲ್ಲಿ ಕೋರಿಗೆ, ಪಾಲಿಗೆ ಮಾಡಿದ ಹಿರಿಯರಿಗೆ ಈ ಲೆಕ್ಕ ವಿವರಿಸಬೇಕಾಗಿಲ್ಲ. 1946ರ ಮಾರ್ಚಿನಲ್ಲಿ ಉತ್ತರದ ಕಮ್ಯುನಿಸ್ಟರು ಧಣಿಗಳ ಜಮೀನು ಕಿತ್ತುಕೊಂಡು ಪುಕ್ಕಟೆಯಾಗಿ ಹಂಚಿದರು. ಸುದ್ದಿ ಗಡಿ ದಾಟಿ ಬಂದಾಗ ದಕ್ಷಿಣದ ಒಕ್ಕಲುಗಳು ಸುಮ್ಮನೆ ಕೂರುವಂತಿರಲಿಲ್ಲ. ಅಲ್ಲಿ ಆಡಳಿತ ನಡೆಸುತ್ತಿದ್ದ ಅಮೆರಿಕದ ಸೇನಾ ಸರ್ಕಾರ ಮೊದಲು ಜಪಾನೀಯರು ಬಿಟ್ಟುಹೋದ ಜಮೀನನ್ನು ಉಳುವವರಿಗೆ ಮಾರಿತು. ಸ್ವತಂತ್ರ ಗಣರಾಜ್ಯವಾದ ಮೇಲೆ ಕೃಷಿ ಮಂತ್ರಿಯಾದವರು ಚೋ ಬೊಂಗ್-ಅಮ್. ಹಿಂದೆ ಕಮ್ಯುನಿಸ್ಟ್ ಆಗಿದ್ದು ಆ ಪಕ್ಷ ತೊರೆದು ಬಂದವರು. ಭೂಸುಧಾರಣೆಯ ಮೊದಲ ಕರಡು ಸಿದ್ಧವಾದದ್ದು ಅವರ ಕಾಲದಲ್ಲಿ. ಕಾಯಿದೆ 1949ರಲ್ಲಿ ಬಂತು, 1950ರ ಮಾರ್ಚಿನಲ್ಲಿ ತಿದ್ದುಪಡಿಯಾಗಿ ಗಟ್ಟಿಯಾಯಿತು.

ಕಾಯಿದೆಯ ಹೂರಣ ಸರಳ. ಒಂದು ಕುಟುಂಬಕ್ಕೆ ಮೂರು ಹೆಕ್ಟೇರ್, ಅಂದರೆ ಏಳೂವರೆ ಎಕರೆಯಷ್ಟೇ ಮಿತಿ. ಸ್ವತಃ ಉಳುಮೆ ಮಾಡದವರ ಜಮೀನನ್ನು ಸರ್ಕಾರ ಕೊಂಡು ಉಳುವವರಿಗೆ ಕೊಡುತ್ತದೆ. ರೈತ ಕೊಡಬೇಕಾದ ಬೆಲೆ ಒಂದು ವರ್ಷದ ಬೆಳೆಯ ಒಂದೂವರೆ ಪಟ್ಟು. ಅದನ್ನು ಐದು ಕಂತಿನಲ್ಲಿ, ವರ್ಷಕ್ಕೆ ಬೆಳೆಯ ಶೇ 30ರಂತೆ ತೀರಿಸಬೇಕು. ಅರ್ಧ ಬೆಳೆ ಗೇಣಿ ಅಳೆಯುತ್ತಿದ್ದವನು ಅದಕ್ಕಿಂತ ಕಡಿಮೆ ಅಳೆದು ಐದು ವರ್ಷಕ್ಕೆ ಒಡೆಯನಾಗುತ್ತಾನೆ. ಧಣಿಗಳಿಗೆ ಸಿಕ್ಕಿದ್ದು ಸರ್ಕಾರದ ಬಾಂಡು. ಮೂರೇ ತಿಂಗಳಲ್ಲಿ ಯುದ್ಧ ಶುರುವಾಗಿ, ಬೆಲೆಗಳು ಗಗನಕ್ಕೇರಿ, ಆ ಬಾಂಡುಗಳು ಹೆಚ್ಚುಕಮ್ಮಿ ರದ್ದಿ ಕಾಗದವಾದವು. ಶತಮಾನಗಳ ಕಾಲ ಹಳ್ಳಿಗಳನ್ನು ಆಳಿದ್ದ ಒಂದು ವರ್ಗ ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ಜಮೀನು ಕೈಬಿಡುವ ಮುನ್ನ ಅದನ್ನು ಶಾಲೆಯ ಟ್ರಸ್ಟುಗಳಿಗೆ ಬರೆದುಕೊಟ್ಟ ಧಣಿಗಳೂ ಇದ್ದರು. ಎಷ್ಟೋ ಖಾಸಗಿ ಶಾಲೆ ಕಾಲೇಜುಗಳು ಹೀಗೆ ಎದ್ದವು.

ಚೋ ಅವರ ಕಥೆ ಇಲ್ಲಿಗೆ ಮುಗಿಯುವುದಿಲ್ಲ. 1956ರಲ್ಲಿ ಅವರು ಅಧ್ಯಕ್ಷ ಸಿಂಗ್ಮನ್ ರೀ ವಿರುದ್ಧ ಚುನಾವಣೆಗೆ ನಿಂತು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮತ ಪಡೆದರು. ಬಳಿಕ ಉತ್ತರ ಕೊರಿಯಾದ ಬೇಹುಗಾರನೆಂಬ ಆರೋಪ ಹೊರಿಸಿ 1959ರ ಜುಲೈಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. 2011ರಲ್ಲಿ ಕೊರಿಯಾದ ಸುಪ್ರೀಂ ಕೋರ್ಟ್ ಅವರು ನಿರಪರಾಧಿ ಎಂದು ತೀರ್ಪಿತ್ತಿತು. ಕೊರಿಯಾದ ಏಳಿಗೆಯ ಬಗ್ಗೆ ಬರೆಯುವವರು ಸೇನಾಧಿಕಾರಿ ಪಾರ್ಕ್ ಚುಂಗ್-ಹೀ ಅವರನ್ನೂ ಉದ್ಯಮಿಗಳನ್ನೂ ಹೊಗಳುತ್ತಾರೆ. ಅದಕ್ಕೆಲ್ಲ ನೆಲ ಹದಮಾಡಿದ ಈ ಮನುಷ್ಯನ ಹೆಸರು ಅಪರೂಪಕ್ಕೆ ಕೇಳಿಬರುತ್ತದೆ. ಇದು ನನಗೆ ಬಹಳ ನೋವು ತರುವ ಸಂಗತಿ.

ಫಿಲಿಪ್ಪೀನ್ಸ್‌ನಲ್ಲಿ ಏನಾಯಿತು? ಮುನ್ನೂರು ವರ್ಷಕ್ಕೂ ಮೀರಿದ ಸ್ಪ್ಯಾನಿಷ್ ಆಳ್ವಿಕೆ ಅಲ್ಲಿ ಹಾಸಿಯೆಂಡಾ ಎಂಬ ಸಾವಿರಾರು ಎಕರೆಯ ಎಸ್ಟೇಟುಗಳನ್ನು ಬಿಟ್ಟುಹೋಗಿತ್ತು. ಆಮೇಲೆ ಬಂದ ಅಮೆರಿಕನ್ನರು 1903ರಲ್ಲಿ ಚರ್ಚಿನ ಸಂನ್ಯಾಸಿ ಸಂಘಗಳ ಸುಮಾರು ನಾಲ್ಕು ಲಕ್ಷ ಎಕರೆ ಕೊಂಡರು. ರೈತರಿಗೆ ಮಾರುವ ಉದ್ದೇಶವಿದ್ದರೂ ಕೈಯಲ್ಲಿ ಕಾಸಿದ್ದವರ ಪಾಲಿಗೇ ಅದರಲ್ಲಿ ಬಹಳಷ್ಟು ಹೋಯಿತು. 1946ರಲ್ಲಿ ಸ್ವಾತಂತ್ರ್ಯ ಬಂದಾಗ ಸಂಸತ್ತಿನಲ್ಲಿ ತುಂಬಿದ್ದವರು ಇದೇ ಜಮೀನ್ದಾರಿ ಮನೆತನದವರು. ಮಧ್ಯ ಲುಝಾನ್ ಪ್ರಾಂತದ ಗೇಣಿದಾರರು ಹುಕ್ ದಂಗೆ ಎಂದು ಹೆಸರಾದ ಸಶಸ್ತ್ರ ಬಂಡಾಯ ಎದ್ದರು. ಜಪಾನಿನ ಭೂಸುಧಾರಣೆಯಲ್ಲಿ ಕೆಲಸ ಮಾಡಿದ್ದ ರಾಬರ್ಟ್ ಹಾರ್ಡಿ ಎಂಬ ಅಮೆರಿಕನ್ ತಜ್ಞ 1952ರಲ್ಲಿ ವರದಿ ಬರೆದು, ಇಲ್ಲೂ ಗೇಣಿ ಪದ್ಧತಿ ತೊಲಗಲಿ ಎಂದರು. ಅಧಿಕಾರದಲ್ಲಿದ್ದವರು ಆ ವರದಿಗೆ ಕಮ್ಯುನಿಸ್ಟ್ ಹಣೆಪಟ್ಟಿ ಕಟ್ಟಿದರು. ಹಾರ್ಡಿಯನ್ನು ವಾಪಸ್ ಕರೆಸಿಕೊಳ್ಳಲಾಯಿತು. ಜಪಾನಿನಲ್ಲಿ ನಡೆದದ್ದು ಫಿಲಿಪ್ಪೀನ್ಸ್‌ನಲ್ಲಿ ನಡೆಯಲಿಲ್ಲ, ಏಕೆಂದರೆ ಇಲ್ಲಿ ಕಾಯಿದೆ ಮಾಡಬೇಕಾದವರು ಜಮೀನು ಕಳೆದುಕೊಳ್ಳಬೇಕಾದವರೇ ಆಗಿದ್ದರು.

ತಾರ್ಲಾಕ್ ಪ್ರಾಂತದ ಹಾಸಿಯೆಂಡಾ ಲೂಯಿಸಿಟಾ ಎಂಬ ಕಬ್ಬಿನ ಎಸ್ಟೇಟಿನ ಇತಿಹಾಸ ಓದಿದರೆ ಆ ದೇಶದ ಅರ್ಥವ್ಯವಸ್ಥೆಯನ್ನೇ ಓದಿದಂತೆ. ವಿಸ್ತಾರ ಆರು ಸಾವಿರ ಹೆಕ್ಟೇರ್‌ಗೂ ಹೆಚ್ಚು. 1950ರ ದಶಕದ ಕೊನೆಯಲ್ಲಿ ಕೊಹುವಾಂಕೊ ಕುಟುಂಬ ಸರ್ಕಾರಿ ಸಂಸ್ಥೆಗಳ ಸಾಲದ ನೆರವಿನಿಂದ ಅದನ್ನು ಕೊಂಡಿತು. ಮುಂದೆ ಜಮೀನನ್ನು ಸಣ್ಣ ರೈತರಿಗೆ ಹಂಚಬೇಕೆಂಬ ಷರತ್ತು ಸಾಲದಲ್ಲಿತ್ತು. ಹಂಚಿಕೆ ಆಗಲಿಲ್ಲ. 1972ರಲ್ಲಿ ಸೇನಾಡಳಿತ ಹೇರಿದ ಫರ್ಡಿನಾಂಡ್ ಮಾರ್ಕೋಸ್ ಭೂಸುಧಾರಣೆಯ ಆಜ್ಞೆ ಹೊರಡಿಸಿದ್ದು ಭತ್ತ ಮತ್ತು ಮೆಕ್ಕೆಜೋಳದ ಜಮೀನಿಗೆ ಮಾತ್ರ. ಕಬ್ಬು, ತೆಂಗು ಹೊರಗುಳಿದವು. 1986ರಲ್ಲಿ ಜನ ಬೀದಿಗಿಳಿದು ಮಾರ್ಕೋಸ್‌ರನ್ನು ಓಡಿಸಿ ಅಧಿಕಾರಕ್ಕೆ ತಂದ ಕೊರಾಝೋನ್ ಅಕಿನೊ ಅದೇ ಕೊಹುವಾಂಕೊ ಮನೆಮಗಳು. 1987ರ ಜನವರಿಯಲ್ಲಿ ಭೂಮಿ ಕೇಳುತ್ತ ಅಧ್ಯಕ್ಷರ ಅರಮನೆಯತ್ತ ಹೊರಟ ರೈತರ ಮೇಲೆ ಮನಿಲಾದ ಮೆಂಡಿಯೋಲಾದಲ್ಲಿ ಗುಂಡು ಹಾರಿತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಬಂದ ಭೂಸುಧಾರಣಾ ಕಾಯಿದೆಯಲ್ಲಿ ಒಂದು ಕಿಂಡಿ ಇತ್ತು: ಜಮೀನಿನ ಬದಲು ಕಂಪನಿಯ ಷೇರು ಕೊಟ್ಟರೂ ಸಾಕು. ಲೂಯಿಸಿಟಾದ ಕೂಲಿಗಳಿಗೆ ಸಿಕ್ಕಿದ್ದು ಷೇರು. 2004ರ ನವೆಂಬರಿನಲ್ಲಿ ಅಲ್ಲಿ ಮುಷ್ಕರ ಹೂಡಿದವರಲ್ಲಿ ಏಳು ಮಂದಿ ಗುಂಡಿಗೆ ಬಲಿಯಾದರು. ಕೊನೆಗೆ 2012ರಲ್ಲಿ ಸುಪ್ರೀಂ ಕೋರ್ಟ್ ಜಮೀನು ಹಂಚಿ ಎಂದು ಅಂತಿಮ ಆದೇಶ ನೀಡಿತು. ಸಾಲದ ಷರತ್ತಿನಿಂದ ಈ ಆದೇಶದವರೆಗೆ ಅರ್ಧ ಶತಮಾನ ದಾಟಿತ್ತು.

ಭೂಮಿ ಹಂಚಿದರೆ ನ್ಯಾಯ ಸಿಗಬಹುದು, ಅದರಿಂದ ಹಡಗು ಕಟ್ಟುವ ಕಾರ್ಖಾನೆ ಹೇಗೆ ಬರುತ್ತದೆ ಎಂದು ಓದುಗರು ಕೇಳಬಹುದು. ಮೊದಲನೆಯದಾಗಿ, ಗೇಣಿದಾರನಿಗೆ ಗದ್ದೆ ಸುಧಾರಿಸುವ ಆಸೆ ಇರುವುದಿಲ್ಲ. ಬದು ಗಟ್ಟಿ ಮಾಡಿ, ಗೊಬ್ಬರ ಹಾಕಿ, ಎರಡು ಮೂಟೆ ಹೆಚ್ಚು ಬೆಳೆದರೆ ಅದರಲ್ಲಿ ಒಂದು ಧಣಿಗೆ. ಮುಂದಿನ ವರ್ಷ ಒಕ್ಕಲೆಬ್ಬಿಸಿದರೆ ಮಾಡಿದ್ದೆಲ್ಲ ಮಣ್ಣುಪಾಲು. ಗದ್ದೆ ತನ್ನದಾದಾಗ ಆ ಎರಡೂ ಮೂಟೆ ಮನೆಗೆ ಬರುತ್ತವೆ. ಕೊರಿಯಾದ ರೈತ ಆ ಹಣದಲ್ಲಿ ಮೊದಲು ಮಾಡಿದ್ದು ಮಕ್ಕಳನ್ನು ಓದಿಸಿದ್ದು. ಪ್ರಾಥಮಿಕ ಶಿಕ್ಷಣ ಕಡ್ಡಾಯ ಎಂದು ಕಾಗದದ ಮೇಲೆ ಬರೆಯುವುದು ಸುಲಭ. ಗೇಣಿ ಬಾಕಿಗೆ ಮಗನನ್ನು ಜೀತಕ್ಕೆ ಬಿಡಬೇಕಾದವನಿಗೆ ಆ ಕಾಗದದಿಂದ ಏನೂ ಆಗುವುದಿಲ್ಲ. 1945ರಲ್ಲಿ ಐವರಲ್ಲಿ ಒಬ್ಬರಷ್ಟಿದ್ದ ಅಕ್ಷರಸ್ಥರು ಹದಿನೈದೇ ವರ್ಷಗಳಲ್ಲಿ ಹತ್ತರಲ್ಲಿ ಏಳು ಮಂದಿಯಾದರು. ಮುಂದೆ ಕಾರ್ಖಾನೆಗಳು ಬಾಗಿಲು ತೆರೆದಾಗ ನಕ್ಷೆ ಓದಬಲ್ಲ, ಲೆಕ್ಕ ಬಲ್ಲ ಹುಡುಗ ಹುಡುಗಿಯರು ಹಳ್ಳಿಗಳಿಂದ ಸಾಲುಗಟ್ಟಿ ಬಂದರು.

ನನಗೆ ಇದಕ್ಕಿಂತಲೂ ದೊಡ್ಡದಾಗಿ ಕಾಣುವುದು ರಾಜಕೀಯದ ಕಾರಣ. ಧಣಿಗಳ ವರ್ಗ ಇಲ್ಲವಾದ ಮೇಲೆ ಸರ್ಕಾರಕ್ಕೆ ಎದುರು ನಿಂತು ‘ಇದು ಆಗದು’ ಎನ್ನುವ ಪಟ್ಟಭದ್ರರು ಕೊರಿಯಾದಲ್ಲಿ ಉಳಿಯಲಿಲ್ಲ. ಹಣವಂತರಿಗೆ ಜಮೀನು ಕೊಂಡು ಗೇಣಿ ತಿನ್ನುತ್ತ ಕೂರುವ ದಾರಿ ಮುಚ್ಚಿತ್ತು. ವ್ಯಾಪಾರ, ಉದ್ಯಮವೇ ಗತಿ. 1961ರಲ್ಲಿ ಸೇನಾಕ್ರಾಂತಿಯಿಂದ ಬಂದ ಪಾರ್ಕ್ ಸರ್ಕಾರ ಬ್ಯಾಂಕುಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಅಗ್ಗದ ಸಾಲ ಬೇಕೇ, ರಫ್ತು ಮಾಡಿ ತೋರಿಸಿ ಎಂಬುದು ಉದ್ಯಮಿಗಳಿಗೆ ಹಾಕಿದ ಷರತ್ತು. ರಫ್ತಿನ ಪ್ರಗತಿ ನೋಡಲು ನಡೆಯುತ್ತಿದ್ದ ಸಭೆಗಳಲ್ಲಿ ಅಧ್ಯಕ್ಷರೇ ಕೂರುತ್ತಿದ್ದರು. ಮೊದಲು ಹೊರಗೆ ಹೋದದ್ದು ಪ್ಲೈವುಡ್, ಬಟ್ಟೆ, ಹೆಣ್ಣುಮಕ್ಕಳು ಮಾರಿದ ಕೂದಲಿನಿಂದ ಮಾಡಿದ ವಿಗ್ಗು. 1964ರಲ್ಲಿ ಹತ್ತು ಕೋಟಿ ಡಾಲರ್ ಮುಟ್ಟಿದ ವಾರ್ಷಿಕ ರಫ್ತು 1977ರಲ್ಲಿ ಸಾವಿರ ಕೋಟಿ ಡಾಲರ್ ಆಯಿತು. ಪೊಹಾಂಗ್‌ನಲ್ಲಿ ಉಕ್ಕಿನ ಕಾರ್ಖಾನೆ ಕಟ್ಟುವೆವೆಂದಾಗ ವಿಶ್ವಬ್ಯಾಂಕ್ ಅದು ಲಾಭದಾಯಕವಲ್ಲ ಎಂದು ಕೈಯೆತ್ತಿತು. ಜಪಾನ್ 1965ರ ಒಪ್ಪಂದದಂತೆ ಕೊಟ್ಟ ಹಣದ ಒಂದು ಭಾಗವನ್ನು ಅದಕ್ಕೇ ಸುರಿದರು. 1973ರಲ್ಲಿ ಕುಲುಮೆಯಿಂದ ಉಕ್ಕು ಹರಿಯಿತು.

ಫಿಲಿಪ್ಪೀನ್ಸ್‌ನಲ್ಲೂ ಸರ್ಕಾರ ಉದ್ಯಮಿಗಳಿಗೆ ಸಾಲ ಕೊಟ್ಟಿತು, ಆಮದಿಗೆ ತಡೆ ಹಾಕಿ ಕಾಪಾಡಿತು. ಬದಲಿಗೆ ಏನೂ ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲಿ ಅದಿರಲಿಲ್ಲ. ಸಕ್ಕರೆಯ ಮನೆತನಗಳಿಗೆ ಅಮೆರಿಕದ ಮಾರುಕಟ್ಟೆಯಲ್ಲಿ ವಿಶೇಷ ಕೋಟಾ ಇತ್ತು. ಒಳ್ಳೆಯ ಬೆಲೆ ಕೂತಲ್ಲೇ ಬರುತ್ತಿತ್ತು. ಅದೇ ಮನೆತನಗಳು ಬ್ಯಾಂಕು ತೆರೆದವು, ಕಾರ್ಖಾನೆ ಇಟ್ಟವು, ಸಂಸತ್ತಿನಲ್ಲಿ ಕೂತವು. ಹೊರಗಿನವರೊಡನೆ ಸ್ಪರ್ಧಿಸಿ ಸರಕು ಮಾರುವ ಒತ್ತಡ ಅವರ ಮೇಲೆ ಬರಲೇ ಇಲ್ಲ. ಮಾರ್ಕೋಸ್ ಕಾಲದಲ್ಲಿ ಹೊರಗಿನ ಸಾಲ ಹೊಳೆಯಾಗಿ ಹರಿದು ಬಂತು. ಎರಡು ನೂರು ಕೋಟಿ ಡಾಲರಿಗೂ ಹೆಚ್ಚು ಸುರಿದು ಕಟ್ಟಿದ ಬಟಾನ್ ಅಣುಸ್ಥಾವರ ಒಂದು ಯೂನಿಟ್ ವಿದ್ಯುತ್ತನ್ನೂ ಕೊಡಲಿಲ್ಲ. ಅದರ ಸಾಲ ತೀರಿದ್ದು 2007ರಲ್ಲಿ.

ಒಂದು ಬೀಜದ ಕಥೆಯನ್ನು ಇಲ್ಲಿ ಹೇಳಲೇಬೇಕು. ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1960ರಲ್ಲಿ ಸ್ಥಾಪನೆಯಾದದ್ದು ಫಿಲಿಪ್ಪೀನ್ಸ್‌ನ ಲೋಸ್ ಬಾನ್ಯೋಸ್‌ನಲ್ಲಿ. 1966ರಲ್ಲಿ ಅಲ್ಲಿಂದ ಹೊರಬಂದ ಐಆರ್-8 ತಳಿಯ ಹೆಸರು ನಮ್ಮ ಹಳೆಯ ರೈತರಿಗೂ ಗೊತ್ತು. ಅದೇ ಸಂಸ್ಥೆಯಲ್ಲಿ ಕೊರಿಯಾದ ವಿಜ್ಞಾನಿ ಹ್ಯೂ ಮುನ್-ಹ್ಯೂ ಐಆರ್-8ನ್ನು ಬೇರೆ ತಳಿಗಳೊಡನೆ ಬೆರೆಸಿ ‘ತೊಂಗಿಲ್’ ಎಂಬ ಭತ್ತ ರೂಪಿಸಿದರು. ಅಧಿಕಾರಿಗಳು ರೈತರ ಮೇಲೆ ಒತ್ತಾಯ ಹೇರಿ ಅದನ್ನು ಬೆಳೆಸಿದರು ಎಂಬುದೂ ಸತ್ಯ, ಅನ್ನ ರುಚಿಯಿಲ್ಲ ಎಂದು ಜನ ಗೊಣಗಿದ್ದೂ ಸತ್ಯ. ಆದರೂ 1977ರ ಹೊತ್ತಿಗೆ ಕೊರಿಯಾ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ಸಂಸ್ಥೆಗೆ ಮನೆ ಕೊಟ್ಟ ಫಿಲಿಪ್ಪೀನ್ಸ್ ಇವತ್ತು ಜಗತ್ತಿನಲ್ಲೇ ಅತಿ ಹೆಚ್ಚು ಅಕ್ಕಿ ಆಮದು ಮಾಡಿಕೊಳ್ಳುವ ದೇಶಗಳಲ್ಲಿ ಒಂದು. ದ್ವೀಪದೇಶದಲ್ಲಿ ಗದ್ದೆ ಬಯಲು ಕಡಿಮೆ, ಚಂಡಮಾರುತ ಹೆಚ್ಚು ಎಂಬ ಕಾರಣವೂ ಇದೆ, ಒಪ್ಪೋಣ. ವಿಜ್ಞಾನ ಹಿತ್ತಲಲ್ಲೇ ಇದ್ದರೂ ಅದನ್ನು ಹಿಡಿದುಕೊಳ್ಳುವ ಶಕ್ತಿ ರೈತನಿಗಿರಬೇಕು, ರೈತನ ಬೆನ್ನಿಗೆ ನಿಲ್ಲುವ ಶಕ್ತಿ ಸರ್ಕಾರಕ್ಕಿರಬೇಕು.

ಹಾಗಾದರೆ ಪಾರ್ಕ್‌ರಂಥ ಸರ್ವಾಧಿಕಾರಿ ಬೇಕೇ? ನಮ್ಮಲ್ಲೂ ಕೆಲವರು ಹೀಗೆ ಮಾತಾಡುತ್ತಾರೆ. ಅವರಿಗೆ ಒಂದೇ ಹೆಸರು ನೆನಪಿಸಿದರೆ ಸಾಕು: ಮಾರ್ಕೋಸ್. ಅವರೂ ಸರ್ವಾಧಿಕಾರಿಯೇ, ಅದೇ ಕಾಲದವರೇ. ಕೊರಿಯಾದ ಬೆಳವಣಿಗೆಗೆ ಬೆಲೆ ತೆತ್ತವರು ಬೇರೆಯವರು. ಸಿಯೋಲ್‌ನ ಪೀಸ್ ಮಾರ್ಕೆಟ್‌ನ ಹೊಲಿಗೆ ಅಂಗಡಿಗಳಲ್ಲಿ ಹದಿಹರೆಯದ ಹುಡುಗಿಯರು ನೆಟ್ಟಗೆ ನಿಲ್ಲಲೂ ಆಗದ ಅಟ್ಟಗಳಲ್ಲಿ ದಿನವಿಡೀ ದುಡಿಯುತ್ತಿದ್ದರು. ಕಾರ್ಮಿಕ ಕಾನೂನು ಪಾಲಿಸಿ ಎಂದು ಕೇಳಿ ಕೇಳಿ ಸೋತ ಜೊನ್ ತೇ-ಇಲ್ ಎಂಬ ಇಪ್ಪತ್ತೆರಡರ ಯುವಕ 1970ರ ನವೆಂಬರ್ 13ರಂದು ಮೈಗೆ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟ. ಕಾರ್ಮಿಕರ, ವಿದ್ಯಾರ್ಥಿಗಳ ದಶಕಗಳ ಹೋರಾಟದ ನಂತರ 1987ರಲ್ಲಿ ಪ್ರಜಾಪ್ರಭುತ್ವ ಮರಳಿತು. ಬೆಳವಣಿಗೆ ಅಭಿವೃದ್ಧಿಯಾಗಿ ಮಾರ್ಪಟ್ಟದ್ದರಲ್ಲಿ ಈ ಹೋರಾಟದ ಪಾಲು ದೊಡ್ಡದು: ರಾಷ್ಟ್ರೀಯ ಆರೋಗ್ಯ ವಿಮೆ 1989ರಲ್ಲಿ ಎಲ್ಲರಿಗೂ ಸಿಕ್ಕಿತು.

ಭೂಮಿ ಹಂಚಿದ್ದೇ ಸಾಕು ಎಂದೂ ನಾನು ವಾದಿಸುತ್ತಿಲ್ಲ. ಉತ್ತರ ಕೊರಿಯಾ ಮೊದಲು ಹಂಚಿತು, ಪುಕ್ಕಟೆ ಹಂಚಿತು. 1958ರ ಹೊತ್ತಿಗೆ ಅದೇ ಜಮೀನನ್ನು ರೈತರಿಂದ ವಾಪಸ್ ತೆಗೆದುಕೊಂಡು ಸಾಮೂಹಿಕ ಕೃಷಿಗೆ ಸೇರಿಸಿತು. ಧಣಿಯ ಜಾಗದಲ್ಲಿ ಸರ್ಕಾರ ಬಂದು ಕೂತಿತು. 1990ರ ದಶಕದ ನಡುವಿನಲ್ಲಿ ಅಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಉಳುವವನ ಕೈಯಲ್ಲಿ ಹೊಲ ಉಳಿಯಬೇಕು, ಬೆಳೆದದ್ದನ್ನು ಮಾರುವ ಸ್ವಾತಂತ್ರ್ಯವೂ ಉಳಿಯಬೇಕು.

ಕರ್ನಾಟಕದವರಿಗೆ ಈ ಚರಿತ್ರೆ ದೂರದ್ದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದಾಗ, ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದಾಗ, ಕೊರಿಯಾದಲ್ಲಿ ಹಂಚಿಕೆ ಶುರುವಾಗಿ ಒಂದು ವರ್ಷವಾಗಿತ್ತಷ್ಟೇ. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಗಿ, ಗೇಣಿದಾರರು ಏಳನೇ ನಮೂನೆಯ ಅರ್ಜಿ ಹಿಡಿದು ಭೂನ್ಯಾಯಮಂಡಳಿಗಳ ಮುಂದೆ ನಿಂತರು. ಮಲೆನಾಡಿನಲ್ಲಿ, ಅದರಲ್ಲೂ ಚಾಲಗೇಣಿ ದಟ್ಟವಾಗಿದ್ದ ಕರಾವಳಿಯಲ್ಲಿ, ಧಣಿಗಳ ಅಂಗಳದಲ್ಲಿ ಗೇಣಿ ಅಕ್ಕಿ ಅಳೆದವರ ಮಕ್ಕಳು ಶಾಲೆ ಕಾಲೇಜು ಹತ್ತಿದರು. ಇಂದು ಶಿಕ್ಷಣದಲ್ಲೂ ಆದಾಯದಲ್ಲೂ ದಕ್ಷಿಣ ಕನ್ನಡ, ಉಡುಪಿ ರಾಜ್ಯದ ಮುಂಚೂಣಿಯಲ್ಲಿವೆ. ಬ್ಯಾಂಕು, ಮುಂಬೈ, ಗಲ್ಫ್ ಎಲ್ಲವೂ ಅದಕ್ಕೆ ಕಾರಣ, ಭೂಮಿಯೂ ಕಾರಣ. ಬಯಲುಸೀಮೆಯ ಹಲವೆಡೆ ಭೂಮಿಯೇ ಇಲ್ಲದ ಕೂಲಿಗಳಿಗೆ, ಅವರಲ್ಲೂ ದಲಿತರಿಗೆ, ಆ ಕಾಯಿದೆ ತಲುಪಲಿಲ್ಲ. ದಾಖಲೆಯಲ್ಲಿ ಗೇಣಿದಾರನೆಂದು ಹೆಸರಿಲ್ಲದವರಿಗೆ ಹಕ್ಕು ಸಾಬೀತುಪಡಿಸುವುದು ಕಷ್ಟವಾಗಿತ್ತು.

ಕೊರಿಯಾದ ಸಂವಿಧಾನದ 121ನೇ ವಿಧಿ ಇವತ್ತಿಗೂ ಉಳುವವನೇ ಹೊಲದೊಡೆಯನಾಗಬೇಕು ಎನ್ನುತ್ತದೆ. ಫಿಲಿಪ್ಪೀನ್ಸ್‌ನಲ್ಲಿ 2023ರ ಜುಲೈಯಲ್ಲಿ ಮಾರ್ಕೋಸ್‌ರ ಮಗ, ಈಗಿನ ಅಧ್ಯಕ್ಷ, ಭೂಮಿ ಪಡೆದ ಆರು ಲಕ್ಷಕ್ಕೂ ಹೆಚ್ಚು ರೈತರ ಸಾಲ ಮನ್ನಾ ಮಾಡುವ ಕಾಯಿದೆಗೆ ಸಹಿ ಹಾಕಿದರು. ಕೊರಿಯಾದ ರೈತರಿಗೆ ಐದು ಕಂತಿನಲ್ಲಿ ತೀರಿಸಲು ಕೊಟ್ಟಿದ್ದ ಋಣ ಅಲ್ಲಿ ದಶಕಗಟ್ಟಲೆ ತೀರಿರಲಿಲ್ಲ. ನಮ್ಮ ವಿಧಾನಮಂಡಲ 2020ರಲ್ಲಿ ಭೂಸುಧಾರಣಾ ಕಾಯಿದೆ ತಿದ್ದಿ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ದಾರಿ ತೆರೆಯಿತು. ಬಂಡವಾಳ ಬರಲಿ ಎಂಬುದು ಅದಕ್ಕೆ ಕೊಟ್ಟ ಕಾರಣ. ಬೆಂಗಳೂರಿನ ಸುತ್ತ ಎಕರೆಗೆ ಕೋಟಿ ಕೊಡಬಲ್ಲವರ ಎದುರು ಎರಡೆಕರೆಯ ರೈತ ಎಷ್ಟು ದಿನ ನಿಲ್ಲಬಲ್ಲ? ಆ ತಿದ್ದುಪಡಿಯನ್ನು ಹಿಂದಕ್ಕೆ ಪಡೆಯಬೇಕು. ನಿಮ್ಮ ಕ್ಷೇತ್ರದ ಶಾಸಕರನ್ನು ಈ ಬಗ್ಗೆ ಕೇಳಿ, ಲಿಖಿತವಾಗಿ ಉತ್ತರ ಪಡೆಯಿರಿ.